ಅತ್ತೆ ಕಟ್ಟುತ್ತಲೇ ಇದ್ದ ಮನೆ

ಮುದ್ದೆ ಮುರಿಯುವಾಗ ನಮ್ಮ ಅತ್ತೆ ಹಲ್ಲು ಕಚ್ಚುತ್ತಿದ್ದರು. ಸಿಮೆಂಟು ಕಲಸಿ ಕಲಸಿ ಬೆರಳ ಸಂದುಗಳೆಲ್ಲ ಬಿರಿದು, ಸಾರಿನ ಖಾರ ಅಲ್ಲಿಗೆ ಇಳಿಯುತ್ತಿತ್ತು. ಉಂಡವರೇ ಕೈಗೆ ಹರಳೆಣ್ಣೆ ಸವರಿಕೊಂಡು, ಎದ್ದು ಹೋಗಿ ಯಾವುದೋ ಗೋಡೆಯನ್ನು ತಟ್ಟಿ ನೋಡುತ್ತಿದ್ದರು. ಉಣ್ಣುವ ಹೊತ್ತು ಬಿಟ್ಟರೆ ಅವರು ಕೂತದ್ದನ್ನು ನಾನು ಕಂಡದ್ದು ಕಡಿಮೆ. ‘ಕುಂತ್ರೆ ಗ್ವಾಡೆ ಏಳಾಕಿಲ್ಲ ಕಣವ್ವ’ ಎನ್ನುತ್ತಿದ್ದರು.

ಪೂರಿಗಾಲಿಯಿಂದ ನಾನು ಯಲಿಯೂರಿಗೆ ಸೊಸೆಯಾಗಿ ಬಂದಾಗ ಆ ಮನೆ ಎಂದರೆ ಶೀಟು ಹೊದಿಸಿದ ಒಂದೇ ಕೋಣೆ, ಸೊಂಟದೆತ್ತರಕ್ಕೆ ಎದ್ದಿದ್ದ ಅಡುಗೆಮನೆ. ಮಾವ ವಿ.ಸಿ. ಫಾರಂನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದರು. ಸಂಜೆ ಬಂದು ಸೈಕಲ್ಲು ನಿಲ್ಲಿಸಿದವರೇ ಇಟ್ಟಿಗೆ ಎತ್ತಿಕೊಡುವರು, ಅತ್ತೆ ಕಟ್ಟುವರು. ಹುಡುಗಿಯಾಗಿದ್ದಾಗ ಮೇಸ್ತ್ರಿಯೊಬ್ಬನ ಕೈಕೆಳಗೆ ಗಾರೆ ಹೊತ್ತು ಕಲಿತ ಕೆಲಸವಂತೆ. ಇದ್ದೊಂದು ಕೋಣೆಯನ್ನು ನಮಗೆ ಬಿಟ್ಟು, ಇಬ್ಬರೂ ಅಡುಗೆಮನೆಯಲ್ಲಿ ಟಾರ್ಪಾಲು ಕಟ್ಟಿಕೊಂಡು ಮಲಗುತ್ತಿದ್ದರು. ಹಿತ್ತಲಾಚೆಯ ಹಳಿಯಲ್ಲಿ ರೈಲು ಹಾದಾಗಲೆಲ್ಲ ಹಸಿ ಗೋಡೆ ಅದುರಿತೇನೋ ಎಂದು ಅತ್ತೆ ಎದ್ದು ಸವರಿ ನೋಡುವರು.

ಬಸುರಿಯಾದ ಮೇಲೆ ನನಗೆ ಅಲ್ಲಿರಲು ಆಗಲಿಲ್ಲ. ಸ್ನಾನಕ್ಕೆ ತೆಂಗಿನ ಗರಿಯ ಮರೆ. ರೈಲು ಬಂದರೆ ಕಿಟಕಿಯಲ್ಲಿ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿ, ಚೊಂಬು ಹಿಡಿದು ಮುದುಡಿಕೊಳ್ಳುತ್ತಿದ್ದೆ. ಕೊನೆಗೆ ಅಣ್ಣನನ್ನು ಕರೆಸಿದೆ. ಅವನು ಅಂಗಳದಲ್ಲೇ ನಿಂತು, ‘ಮನೆ ಆಗೋಗಂಟ ನಮ್ಮುಡ್ಗಿ ನಮ್ಮೂರಲ್ಲೇ ಇರ್ಲಿ’ ಎಂದ. ಜಗಳವಾಗುತ್ತದೆ ಎಂದುಕೊಂಡಿದ್ದೆ. ಅತ್ತೆ ನನ್ನ ಬ್ಯಾಗನ್ನು ತಾವೇ ತಂದು ಕೊಟ್ಟರು.

‘ಓಗ್ಬಾ ಮಗ. ನಂಗೂ ಎಷ್ಟೋ ಸತಿ ಓಗ್ಬುಡವಾ ಅನ್ಸದೆ. ಓಗಕ್ಕೊಂದು ಮನೆ ಇರ್ನಿಲ್ಲ, ಅಷ್ಟೆ.’

ಅವರ ತಂದೆ ತಾಯಿ ಮದ್ದೂರು ಕಡೆ ಆಲೆಮನೆಗಳಲ್ಲಿ ಬೆಲ್ಲ ಕಾಯಿಸುತ್ತಿದ್ದವರು. ಒಂದೂರಿನ ಕಬ್ಬು ಮುಗಿದರೆ ಸೋಗೆಯ ಗುಡಿಸಲನ್ನು ಅಲ್ಲೇ ಬಿಟ್ಟು ಮುಂದಿನೂರಿಗೆ ನಡೆಯುವುದು. ಮಕ್ಕಳು ಹೊಸ ಗುಡಿಸಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಅದನ್ನೂ ಬಿಡುವುದು.

ಮಗುವನ್ನು ಎತ್ತಿಕೊಂಡು ನಾನು ತಿರುಗಿ ಬಂದಾಗ ಅಡುಗೆಮನೆಗೆ ಇನ್ನೂ ಸೂರಿರಲಿಲ್ಲ. ಆದರೆ ಹಿತ್ತಲಲ್ಲಿ ಇಟ್ಟಿಗೆಯ ಬಚ್ಚಲುಮನೆ ಎದ್ದಿತ್ತು, ತಗಡಿನ ಬಾಗಿಲು ಸಮೇತ. ಅತ್ತೆ ಮಗುವನ್ನು ಇಸಿದುಕೊಂಡು, ‘ಮೊದ್ಲು ಒಳೀಕೋಗಿ ಚಿಲ್ಕ ಆಕ್ನೋಡು, ನಿನ್ ಕೈಗೆಟುಕ್ತದಾ ಅಂತ’ ಎಂದರು. ಚಿಲಕ ಹಾಕಿಕೊಂಡು ಒಳಗೇ ಬಹಳ ಹೊತ್ತು ನಿಂತಿದ್ದೆ. ಮಾರನೆಯ ದಿನ ಸೀರೆ ಎತ್ತಿ ಕಟ್ಟಿ ಗಾರೆ ಕಲಸಲು ಇಳಿದೆ.

ಆಮೇಲೆ ವರ್ಷಕ್ಕೊಂದು ಗೋಡೆ, ಎರಡು ವರ್ಷಕ್ಕೊಂದು ಕಿಟಕಿ. ನಡುವೆ ಒಂದು ಮಳೆಗಾಲಕ್ಕೆ ಹಿಂದಿನ ಗೋಡೆ ಪೂರಾ ಕುಸಿಯಿತು. ಅತ್ತೆ ಅಳಲಿಲ್ಲ, ಒಡೆಯದ ಇಟ್ಟಿಗೆಗಳನ್ನು ಆರಿಸತೊಡಗಿದರು. ಮಗಳು ಶಾಲೆಗೆ ಸೇರುವ ಹೊತ್ತಿಗೆ ಮೇಲೆ ತಾರಸಿ ಬಿದ್ದು, ಮನೆ ಎನ್ನಬಹುದಾದ್ದು ನಿಂತಿತು. ‘ಗೃಹಪ್ರವೇಶ ಮಾಡಾಣ ಅತ್ತೆ, ಮುಗೀತಲ್ಲ’ ಎಂದರೆ, ‘ಎಲ್ಲಿ ಮುಗೀತು? ಈ ಕಿಟ್ಕಿ ಅತ್ಲಾಗಿದ್ರೆ ಗಾಳಿ ಬತ್ತಿತ್ತು’ ಎಂದು ಬೆಳಗಾಗುತ್ತಲೇ ಒಡೆಯುವರು. ನನಗೂ ರೇಗುತ್ತಿತ್ತು. ನನ್ನ ಗಂಡನಂತೂ ಒಮ್ಮೆ ಅವರ ಕೈಯಿಂದ ಗಾರೆ ಮೆತ್ತುವ ಕರಣೆಯನ್ನೇ ಕಿತ್ತು ಎಸೆದರು. ಅತ್ತೆ ಹೋಗಿ ಎತ್ತಿಕೊಂಡು ಬಂದು, ಮಣ್ಣು ಒರೆಸಿ, ಕೆಲಸ ಮುಂದುವರಿಸಿದರು.

ಮಾವ ಎತ್ತರದ ಆಳು. ನಡುಮನೆಯ ಬಾಗಿಲು ಯಾರೋ ಹಳೇ ಮನೆ ಕೆಡವಿದಾಗ ತಂದದ್ದು, ಕುಳ್ಳು, ಕಿರಿದು. ಅವರು ಬಗ್ಗಿಯೇ ಓಡಾಡಿದರು. ಒಂದು ಬೆಳಗ್ಗೆ ಎದೆನೋವೆಂದು ಮಲಗಿದವರು ಏಳಲಿಲ್ಲ. ಹೆಣವನ್ನು ಓರೆ ಮಾಡಿ ದಾಟಿಸೋಣ ಎಂದು ನೆಂಟರು ಮಾತಾಡಿಕೊಳ್ಳುತ್ತಿರುವಾಗ ಅತ್ತೆ ಹಿತ್ತಲಿನಿಂದ ಹಾರೆ ತಂದರು.

‘ಇರೋಗಂಟ ಬಗ್ಗಿ ಬಗ್ಗಿ ಓಡಾಡ್ದ. ಇವತ್ತಾರೂ ನೆಟ್ಟಗೆ ಓಗ್ಲಿ.’

ಯಾರೂ ತಡೆಯಲಿಲ್ಲ. ಅವರು ಚೌಕಟ್ಟು ಕಿತ್ತರು, ನಾನು ಬಿದ್ದ ಇಟ್ಟಿಗೆಗಳನ್ನು ದಾರಿಯಿಂದ ಸರಿಸಿದೆ. ಆ ಧೂಳಿನಲ್ಲೇ ಮಾವನನ್ನು ನಾಲ್ವರು ಹೆಗಲ ಮೇಲೆ ಹೊತ್ತು ನಡೆದರು.

ತಿಥಿ ಮುಗಿದ ಮೇಲೆ ಅತ್ತೆಯ ಚಡಪಡಿಕೆ ಇನ್ನೂ ಹೆಚ್ಚಿತು. ಮಹಡಿ ಮೇಲೊಂದು ಕೋಣೆ ಬೇಕು ಎಂದರು. ಯಾರಿಗೆ ಎಂದು ಕೇಳಿದರೆ ಇಟ್ಟಿಗೆ ಎಣಿಸಲು ಎದ್ದು ಹೋಗುವರು. ಅವರಿಗೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಕರಣೆ ನನ್ನ ಕೈಗೆ ಬಂತು. ಅವರು ಪಕ್ಕದಲ್ಲಿ ನಿಂತು, ‘ಗ್ವಾಡೆ ಒಟ್ಟೆ ಉಬ್ತಾ ಅದೆ, ತಗ್ದು ಕಟ್ಟು’ ಎಂದರೆ ತೆಗೆದು ಕಟ್ಟುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಉಸಿರು ತೀರಾ ಕೆಟ್ಟು ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಹಿಂದಿನ ದಿನವಷ್ಟೇ ನಾನು ಮೇಲೆ ಒಂದು ಪಕ್ಕದ ಗೋಡೆ ಮುಗಿಸಿದ್ದೆ. ಅತ್ತೆ ಕಣ್ಣು ಬಿಟ್ಟು ನನ್ನನ್ನು ಗುರುತಿಸಿ, ‘ಮ್ಯಾಲಿನ ಗ್ವಾಡೆಗೆ ನೀರಾಕ್ದ್ಯಾ?’ ಎಂದರು.

‘ಇಲ್ಲ ಅತ್ತೆ.’

‘ಮತ್ತಿಲ್ಲೇನ್ ಮಾಡ್ತಿದ್ದೀಯೆ? ಬಿಸ್ಲು ಕುಡ್ಕೊಬುಡ್ತದೆ. ಓಗು, ಓಗು.’

ಗಂಡನನ್ನು ಅಲ್ಲಿರಿಸಿ ಬಸ್ಸು ಹತ್ತಿದೆ. ಮಹಡಿಯಲ್ಲಿ ಪೈಪು ಹಿಡಿದು ನಿಂತಿದ್ದಾಗ ಅವರ ಫೋನು ಬಂತು. ‘ಅವ್ವ ಓಯ್ತು ಕಣೆ’ ಎಂದರು. ಅರ್ಧ ಗೋಡೆ ಇನ್ನೂ ಬೆಳ್ಳಗೆ ಒಣಗಿತ್ತು. ಅದು ಪೂರಾ ನೆನೆಯುವವರೆಗೂ ನೀರು ಬಿಟ್ಟು, ಆಮೇಲೆ ಕೆಳಗಿಳಿದು ಅತ್ತೆಯನ್ನು ಮನೆಗೆ ತರುವ ದಾರಿಯಲ್ಲಿದ್ದ ಇಟ್ಟಿಗೆಗಳನ್ನು ಸರಿಸತೊಡಗಿದೆ.