ಅವ್ವ ಕಂಡ ಶ್ರೀಶೈಲ

ಮೈಸೂರಿನಲ್ಲಿ ಚಿತ್ರ ಬರೆಯುತ್ತೇನೆ ಎಂದು ಯಾರಿಗಾದರೂ ಹೇಳಿ ನೋಡಿ. ಅವರು ಕೇಳುವ ಮೊದಲ ಪ್ರಶ್ನೆ, ಯಾವ ದೇವರದ್ದು ಎಂಬುದು. ಚಿನ್ನದ ರೇಕು ಅಂಟಿಸಿದ ಲಕ್ಷ್ಮಿ, ಸರಸ್ವತಿ, ಪಟ್ಟಾಭಿಷೇಕದ ರಾಮ. ಅದಿಲ್ಲದಿದ್ದರೆ ದೀಪ ಹಾಕಿದ ಅರಮನೆ, ಅಂಬಾರಿ ಹೊತ್ತ ಆನೆ. ಇವೆರಡೂ ಅಲ್ಲದ್ದನ್ನು ಬರೆಯುವವನು ಈ ಊರಿನಲ್ಲಿ ಅನ್ನಕ್ಕೆ ಏನು ಮಾಡುತ್ತಾನೆ ಎಂದು ಜನಕ್ಕೆ ನಿಜವಾಗಿಯೂ ಚಿಂತೆಯಾಗುತ್ತದೆ. ನಾನು ಬರೆಯುತ್ತಿದ್ದದ್ದು ಗುಡ್ಡ, ಬಂಡೆ, ಕೆರೆ, ಕುರುಚಲು ಕಾಡು. ಅದಕ್ಕೆ ಊರವರು ಇಟ್ಟ ಹೆಸರು ಸೀನರಿ. ದೇವರಾಜ ಮೊಹಲ್ಲಾದಲ್ಲಿ ಚಿತ್ರಗಳಿಗೆ ಕಟ್ಟು ಹಾಕಿಕೊಡುತ್ತಿದ್ದ ಅಂಗಡಿಯಾತ ಪ್ರತಿಸಲವೂ ಮರುಕದಿಂದ ಹೇಳುತ್ತಿದ್ದ, ಮೂಲೆಯಲ್ಲೊಂದು ಗುಡಿಯನ್ನಾದರೂ ಹಾಕಿ ಸಾರ್, ಯಾರಾದರೂ ತಗೊಂಡು ಹೋಗುತ್ತಾರೆ ಎಂದು. ನಾನು ಹಾಕಲಿಲ್ಲ. ಯಾರೂ ತಗೊಂಡೂ ಹೋಗಲಿಲ್ಲ.

ಹೊಟ್ಟೆಪಾಡಿಗೆ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಸಿಲಬಸ್ ಮುಗಿದಿಲ್ಲವೆಂದು ಗಣಿತದವರು, ವಿಜ್ಞಾನದವರು ನನ್ನ ಪೀರಿಯಡ್ಡನ್ನು ಸಾಲ ಕೇಳುತ್ತಿದ್ದರು, ಹಿಂದಿರುಗಿಸಿದ್ದು ನೆನಪಿಲ್ಲ. ಭಾನುವಾರ ಬೆಳಿಗ್ಗೆ ಸೈಕಲ್ಲಿಗೆ ಬಣ್ಣದ ಚೀಲ ಕಟ್ಟಿ ಮಂಡಕಳ್ಳಿಯ ಕಡೆಗೆ ಹೊರಟುಬಿಡುತ್ತಿದ್ದೆ. ಅಲ್ಲಿಂದ ಚಾಮುಂಡಿ ಬೆಟ್ಟದ ಬೆನ್ನು ಕಾಣುತ್ತದೆ. ಊರಿಗೆಲ್ಲ ಗೊತ್ತಿರುವ ಮುಖವಲ್ಲ, ದೀಪವಿಲ್ಲದ, ಮೆಟ್ಟಿಲಿಲ್ಲದ ಹಿಂಭಾಗ. ರಜೆ ಬಂದರೆ ಇನ್ನೂ ದೂರ: ಬಿಳಿಗಿರಿರಂಗನ ಬೆಟ್ಟ, ಮಾದೇಶ್ವರನ ಬೆಟ್ಟ, ಶಿವಗಂಗೆ. ದೇವರಿರುವ ಬೆಟ್ಟಗಳಿಗೇ ಹೋಗುತ್ತಿದ್ದೆ, ಆದರೆ ಗುಡಿಯ ಒಳಗಿದ್ದದ್ದಕ್ಕಿಂತ ಗುಡಿಯ ಸುತ್ತ ಕೂತದ್ದೇ ಹೆಚ್ಚು. ಆ ಕಲ್ಲನ್ನು, ಆ ಗಾಳಿಯನ್ನು ಕಂಡೇ ಯಾರೋ ಮೊದಲ ಸಲ ಅಲ್ಲಿ ಕೈ ಮುಗಿದಿರಬೇಕು ಎಂದು ನನಗೆ ಅನ್ನಿಸುತ್ತಿತ್ತು.

ಹಾಗೆ ಕೂತು ನೋಡುವುದನ್ನು ನಾನು ಕಲಿತದ್ದು ಯಾವ ಕಲಾಶಾಲೆಯಲ್ಲೂ ಅಲ್ಲ, ಅವ್ವನಿಂದ. ನಮ್ಮದು ಲಿಂಗ ಕಟ್ಟುವ ಮನೆ. ಅವ್ವ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನೀರು, ಪತ್ರೆ, ಹೂವು ಎಲ್ಲ ಬೇಗ ಮುಗಿಯುತ್ತಿತ್ತು. ಆಮೇಲಿನದು ಬರೀ ನೋಟ. ಕಣ್ಣು ಪೂರ್ತಿ ತೆರೆದೂ ಇಲ್ಲ, ಮುಚ್ಚಿಯೂ ಇಲ್ಲ, ಅರೆಗಣ್ಣು. ಬೀದಿಯಲ್ಲಿ ತರಕಾರಿಯವಳು ಕೂಗಲಿ, ಹಾಲು ಉಕ್ಕಲಿ, ಆ ನೋಟ ಅಲುಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಪಕ್ಕದಲ್ಲಿ ಕೂತು ನಾನೂ ಹಾಗೇ ನೋಡಲು ಕಲಿತೆ. ಮುಂದೆ ಬಂಡೆಯೊಂದರ ಎದುರು ಅರ್ಧ ದಿನ ಕೂತರೂ ನನಗೆ ಬೇಸರವಾಗದಿದ್ದರೆ ಅದು ಅವ್ವನ ಕೊಡುಗೆ.

ಅವ್ವನಿಗೆ ಇದ್ದ ಆಸೆ ಒಂದೇ, ಶ್ರೀಶೈಲಕ್ಕೆ ಹೋಗಬೇಕು. ಅಪ್ಪ ಬದುಕಿದ್ದಾಗ ಅಂಗಡಿ ಬಿಟ್ಟು ಹೊರಡುವಂತಿರಲಿಲ್ಲ. ಮಾರ್ಕೆಟ್ಟಿನ ಹತ್ತಿರ ನಮ್ಮದು ವಿಭೂತಿ, ಕರ್ಪೂರ, ಊದುಬತ್ತಿಯ ಸಣ್ಣ ಅಂಗಡಿ. ಊರಿನ ದೇವರಿಗೆಲ್ಲ ಸಾಮಾನು ಕೊಟ್ಟವರು ನಮ್ಮ ದೇವರನ್ನು ನೋಡಲು ಹೋಗಲಾಗಲಿಲ್ಲ. ಅಪ್ಪ ಹೋದ ಮೇಲೆ ಅವ್ವನ ಮಂಡಿ ಹೋಯಿತು. ತೊಂಬತ್ತರ ದಶಕದ ಆರಂಭದ ಒಂದು ವರ್ಷ, ಯುಗಾದಿಗೆ ಮುಂಚೆ, ನಿನ್ನ ಬದಲು ನಾನು ಹೋಗಿ ಬರುತ್ತೇನೆ, ಬರುವಾಗ ಶ್ರೀಶೈಲವನ್ನು ಹೊತ್ತುಕೊಂಡೇ ಬರುತ್ತೇನೆ ಎಂದು ಹೇಳಿ ಹೊರಟೆ.

ಕರ್ನೂಲಿನವರೆಗೆ ಬಸ್ಸು. ಆಚೆಗೆ ಉತ್ತರ ಕರ್ನಾಟಕದಿಂದ ನಡೆದು ಬಂದಿದ್ದ ಪಾದಯಾತ್ರಿಗಳ ಜತೆ ಸೇರಿಕೊಂಡು ಕಾಡಿನ ದಾರಿ ಹಿಡಿದೆ. ಎಲೆ ಉದುರಿಸಿ ನಿಂತ ಮರಗಳು, ಕಾಲ ಕೆಳಗೆ ಸುಡುವ ಕಲ್ಲು. ಕಂಬಳಿ ಹೊತ್ತ ಮುದುಕಿಯರು ನನಗಿಂತ ಮುಂದೆ ನಡೆಯುತ್ತಿದ್ದರು. ಬೆಟ್ಟ ಮುಟ್ಟಿ, ಮಲ್ಲಯ್ಯನ ದರ್ಶನ ಮುಗಿಸಿ, ಪಾತಾಳಗಂಗೆಯ ಮೆಟ್ಟಿಲಿಳಿದಾಗ ಸಂಜೆಯಾಗಿತ್ತು. ಆಳದಲ್ಲಿ ಕೃಷ್ಣೆ ಹಸಿರುಗಪ್ಪಾಗಿ ಹರಿಯುತ್ತಿದ್ದಳು. ಎರಡೂ ಕಡೆ ಗೋಡೆಯ ಹಾಗೆ ಎದ್ದ ಬೆಟ್ಟ. ಸೂರ್ಯ ಮುಳುಗುವಾಗ ಬೋಳು ಮರಗಳ ನಡುವೆ ಇಡೀ ಬೆಟ್ಟ ಕಾವಿಯ ಬಣ್ಣಕ್ಕೆ ತಿರುಗಿತು. ನೀರಿನ ಮೇಲೆ ಒಂದೇ ಒಂದು ಹರಿಗೋಲು. ನಾನು ದೊಡ್ಡ ಭಕ್ತನೇನಲ್ಲ, ಆದರೂ ಆವತ್ತು ಅತ್ತೆ. ಅಲ್ಲೇ ಕೂತು ಪೆನ್ಸಿಲ್ಲಿನಲ್ಲಿ, ನೀರುಬಣ್ಣದಲ್ಲಿ ಗುರುತು ಹಾಕಿಕೊಂಡೆ. ಮನೆಗೆ ಬಂದು ಆ ಬೇಸಿಗೆಯೆಲ್ಲ ದೊಡ್ಡ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದೆ. ನಾನು ಬರೆದದ್ದರಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಹೊಟ್ಟೆಯುರಿಯಿಂದ ಹೇಳುತ್ತಿದ್ದೇನೆ.

ಕಟ್ಟು ಹಾಕಿಸಿ ಅವ್ವನ ಎದುರು ಇಟ್ಟು, ಇದು ಮೆಟ್ಟಿಲು, ಇದು ಹರಿಗೋಲು, ಇಲ್ಲಿ ಸೂರ್ಯ ಮುಳುಗುತ್ತಿದ್ದಾನೆ ಎಂದು ಬೆರಳಿಟ್ಟು ತೋರಿಸಿದೆ. ಅವ್ವ ಕೈ ಮುಗಿದಳು. ಅಲ್ಲಿಂದ ಮುಂದೆ ದಿನಾ ಸಂಜೆ ಚಿತ್ರದ ಎದುರು ಕೂರುವುದು ಅವಳ ರೂಢಿಯಾಯಿತು. ಬೆಳಿಗ್ಗೆ ಲಿಂಗವನ್ನು ನೋಡುತ್ತಿದ್ದ ಅದೇ ಅರೆಗಣ್ಣಿನಲ್ಲಿ ಸಂಜೆ ನನ್ನ ಚಿತ್ರವನ್ನು ನೋಡುತ್ತಿದ್ದಳು. ಯಾರಾದರೂ ಬಂದರೆ ಮೆಟ್ಟಿಲು, ಹರಿಗೋಲು, ಸೂರ್ಯ ಎಂದು ತಾನೇ ವಿವರಿಸುತ್ತಿದ್ದಳು. ನಾನು ಹಿಗ್ಗಿ ಹೋಗಿದ್ದೆ. ಪ್ರದರ್ಶನಗಳಲ್ಲಿ ನನ್ನ ಚಿತ್ರಗಳ ಮುಂದೆ ಜನ ನಿಲ್ಲುತ್ತಿದ್ದದ್ದು ಪಕ್ಕದ ಫ್ಯಾನಿನ ಗಾಳಿಗೆ. ಪರವಾಗಿಲ್ಲ, ಈ ಊರಿನಲ್ಲಿ ಒಬ್ಬಳು ನನ್ನ ಚಿತ್ರವನ್ನು ನೋಡಬೇಕಾದ ಹಾಗೆ ನೋಡುತ್ತಿದ್ದಾಳೆ, ಅಷ್ಟು ಸಾಕು ಎಂದುಕೊಂಡೆ. ಎಷ್ಟೋ ವರ್ಷ ಆ ಒಂದು ನಂಬಿಕೆಯ ಮೇಲೆ ಬರೆದೆ.

ಅಷ್ಟರಲ್ಲಿ, ಅಪ್ಪನ ಅಂಗಡಿ ನೋಡಿಕೊಳ್ಳುತ್ತಿದ್ದ ಅಣ್ಣ ಊದುಬತ್ತಿ ಬಿಟ್ಟು ಟೈಲ್ಸ್ ವ್ಯಾಪಾರಕ್ಕೆ ಇಳಿದಿದ್ದ. ಊರ ಸುತ್ತ ಬಡಾವಣೆಗಳು ಏಳುತ್ತಿದ್ದ ಕಾಲ. ಅವನ ಕೈ ಹತ್ತಿತು. ಬೋಗಾದಿಯಲ್ಲಿ ಸೈಟು ತೆಗೆದು ಮನೆ ಕಟ್ಟಿಸಿದ. ನನ್ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಟರ್ಪೆಂಟೈನ್ ವಾಸನೆಗೆ ಅವ್ವನ ಕೆಮ್ಮು ಹೆಚ್ಚಾಗಿತ್ತು. ಅಣ್ಣ ಕರೆದುಕೊಂಡು ಹೋದ. ಚಿತ್ರವೂ ಅವಳ ಜತೆ ಹೋಗಿ ಹಾಲಿನ ಗೋಡೆ ಏರಿತು. ಅವ್ವನ ಕುರ್ಚಿ ಅದರ ಎದುರಿಗೇ.

ಎಲ್ಲ ಸರಿಯಿತ್ತು, ವಾಸ್ತು ಪಂಡಿತ ಬರುವವರೆಗೆ. ಆಗ ಮನೆಮನೆಗೂ ವಾಸ್ತುವಿನ ಜ್ವರ. ಕಟ್ಟಿದ ಅಡಿಗೆಮನೆ ಒಡೆದರು, ಬಾಗಿಲು ಕಿತ್ತು ಕಿಟಕಿ ಮಾಡಿದರು. ಅಣ್ಣನ ವ್ಯಾಪಾರ ಆ ವರ್ಷ ಸ್ವಲ್ಪ ಕುಂಟಿದ್ದೇ ತಡ, ಯಾವುದೋ ಆಫೀಸಿನಲ್ಲಿ ರಿಟೈರಾಗಿ ದಿಕ್ಸೂಚಿ ಹಿಡಿದುಕೊಂಡಿದ್ದ ಮಹಾನುಭಾವನೊಬ್ಬ ಮನೆಗೆ ಬಂದ. ಗೋಡೆಗಳಲ್ಲೆಲ್ಲ ಅವನಿಗೆ ಸಿಕ್ಕ ದೋಷ ನನ್ನ ಚಿತ್ರ. ಮುಳುಗುವ ಸೂರ್ಯ ಮನೆಯ ಹಿರಿಯರಿಗೆ ಆಗುವುದಿಲ್ಲ. ನೀರು ಬಾಗಿಲ ಕಡೆಗೆ ಹರಿಯುತ್ತಿದೆ, ಸಂಪತ್ತೆಲ್ಲ ಆಚೆಗೆ. ಬೋಳು ಮರ ಬೇರೆ. ಅವ್ವ ಆ ವಾರ ನಂಜನಗೂಡಿನಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಳು. ಅಣ್ಣ ನನ್ನನ್ನು ಕರೆಸಿದ.

"ಸೂರ್ಯನ್ನ ಒಸಿ ಮೇಲಕ್ಕೆತ್ತು, ನೀರನ್ನ ಈ ಕಡೆ ತಿರುಗ್ಸು, ಮರಕ್ಕೆ ನಾಕು ಎಲೆ ಹಾಕ್ಬುಡು. ನೀನೇ ಬರ್ದಿರೋದು ತಾನೆ, ನಿಂಗೆಷ್ಟೊತ್ತಿನ ಕೆಲ್ಸ?"

ಅಣ್ಣ ಕೆಟ್ಟವನಲ್ಲ. ಸೋರುವ ನಲ್ಲಿ ಸರಿಮಾಡಲು ಹೇಳುವಷ್ಟೇ ಸಹಜವಾಗಿ ಹೇಳಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಪಂಡಿತನಿಗೆ ಹೇಳು, ಹೋಗಿ ಕೃಷ್ಣಾ ನದಿಯನ್ನೇ ತಿರುಗಿಸಿ ಬರಲಿ, ಆಮೇಲೆ ನಾನು ಚಿತ್ರ ತಿದ್ದುತ್ತೇನೆ ಎಂದೆ. ಮಾತಿಗೆ ಮಾತು ಬೆಳೆಯಿತು. ಅವ್ವನ ಆಯಸ್ಸಿಗಿಂತ ನಿನಗೆ ನಿನ್ನ ಸೀನರಿ ಹೆಚ್ಚಾಯಿತಾ ಎಂದು ಅವನು ಕೇಳಿದ. ಅವನು ಕೆಲಸದವರಿಂದ ಚಿತ್ರ ಇಳಿಸಿ ಟೈಲ್ಸ್ ಗೋಡೌನಿಗೆ ಕಳಿಸಿದ್ದನ್ನು ಕಣ್ಣಾರೆ ನೋಡಿ, ನಾನು ಚಪ್ಪಲಿ ಮೆಟ್ಟಿ ಹೊರಟುಬಂದೆ. ಆಮೇಲೆ ಬಹಳ ತಿಂಗಳು ಬೋಗಾದಿಯ ಬಸ್ಸು ಹತ್ತಲಿಲ್ಲ, ಹಬ್ಬಕ್ಕೂ ಹೋಗಲಿಲ್ಲ. ಬರಿಗೋಡೆಯ ಎದುರು ಅವ್ವ ಕೂತಿರುವುದನ್ನು ನೆನೆಸಿಕೊಂಡು ಅಣ್ಣನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಒಂದು ದಿನ ಅಣ್ಣ ಸ್ಕೂಲಿಗೆ ಫೋನ್ ಮಾಡಿದ. ಅವ್ವನ ಎರಡು ಕಣ್ಣಿಗೂ ಪೊರೆ ಬಂದಿತ್ತು, ಒಂದಾದ ಮೇಲೊಂದು ಆಪರೇಷನ್ ಮಾಡಿಸಿದ್ದಾಯಿತು, ಈಗ ಚೆನ್ನಾಗಿ ಕಾಣಿಸುತ್ತಿದೆ, ನಿನ್ನನ್ನು ನೋಡಬೇಕಂತೆ, ಬಾ ಎಂದ. ನನಗೆ ಮೊದಲು ಹೊಳೆದದ್ದೇ ಚಿತ್ರ. ಹೊಸ ಕಣ್ಣಿಗೆ ಅವ್ವ ಅದನ್ನೇ ನೋಡಬೇಕು. ಗೋಡೆಗೆ ಬೇಡವಾದರೆ ಬೇಡ, ಅವಳ ಮಂಚದ ಪಕ್ಕದಲ್ಲಿ ಒರಗಿಸಿಟ್ಟರಾಯಿತು, ವಾಸ್ತು ಅಲ್ಲಿಗೂ ಬಂದರೆ ನೋಡಿಕೊಳ್ಳೋಣ. ಗೋಡೌನಿನ ಬೀಗದ ಕೈ ಕೇಳಿದೆ. ತಗೊಂಡು ಹೋಗು ಮಾರಾಯ ಎಂದು ಅಣ್ಣ ತಕ್ಷಣ ಒಪ್ಪಿದ. ಟೈಲ್ಸ್ ಪೆಟ್ಟಿಗೆಗಳ ಹಿಂದೆ ಗೋಡೆಗೆ ಮುಖ ಮಾಡಿ ಕೂತಿತ್ತು ಶ್ರೀಶೈಲ. ಮೇಲೆಲ್ಲ ಸಿಮೆಂಟಿನ ಧೂಳು. ಮನೆಗೆ ತಂದು ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಬಣ್ಣ ಎಲ್ಲೂ ಬಿಟ್ಟಿರಲಿಲ್ಲ. ಹಳೆಯ ಪಂಚೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬೋಗಾದಿಗೆ ಹೋದೆ.

ಹಾಲಿನ ಗೋಡೆ ಬರಿದಾಗಿರಲಿಲ್ಲ. ನನ್ನ ಚಿತ್ರವಿದ್ದ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಅಳತೆಯ, ಪಳಪಳ ಹೊಳೆಯುವ ಪೋಸ್ಟರ್. ಸ್ವಿಟ್ಜರ್ಲೆಂಡೋ ಏನೋ. ಹಿಮದ ಬೆಟ್ಟ, ಅದರ ಹಿಂದಿನಿಂದ ಏಳುವ ಸೂರ್ಯ, ಮನೆಯೊಳಕ್ಕೆ ಹರಿದುಬರುವ ನೀಲಿ ನೀರು, ಒಂದು ದೋಣಿ, ದಡದಲ್ಲಿ ಮರದ ಮನೆ. ದೇವರಾಜ ಮೊಹಲ್ಲಾದ ಅಂಗಡಿಗಳಲ್ಲಿ ಸುರುಳಿ ಸುತ್ತಿ ಮಾರುತ್ತಿದ್ದ ಮಾಲು. ಅತ್ತಿಗೆ ನನ್ನನ್ನು ಬಾಗಿಲಲ್ಲೇ ತಡೆದು ಪಿಸುದನಿಯಲ್ಲಿ ವಿಷಯ ತಿಳಿಸಿದರು. ಅವ್ವ ನಂಜನಗೂಡಿನಿಂದ ಬರುವುದರೊಳಗೆ ಇದನ್ನು ಹಾಕಿಸಿದ್ದರಂತೆ. ಅತ್ತೆಗೆ ಕಣ್ಣು ಮಂಜಾಗಿತ್ತು, ಗೊತ್ತಾಗಲಿಲ್ಲ, ನಾವೂ ಹೇಳಲಿಲ್ಲ, ನೀವೂ ಹೇಳಬೇಡಿ ಎಂದರು.

ಅವ್ವ ಕುರ್ಚಿಯಲ್ಲಿ ಕೂತು ಪೋಸ್ಟರನ್ನೇ ನೋಡುತ್ತಿದ್ದಳು. ಅರೆಗಣ್ಣಿನಲ್ಲಲ್ಲ, ಪೂರ್ತಿ ಕಣ್ಣು ಬಿಟ್ಟುಕೊಂಡು. ನನ್ನನ್ನು ಕಂಡು ಮುಖ ಅರಳಿತು. ಹತ್ತಿರ ಕರೆದು ಕೆನ್ನೆ ಸವರಿ, ಎಂಗೆ ಸೊರಗಿಹೋಗಿದ್ದೀಯ ಎಂದಳು. ಆಮೇಲೆ ಗೋಡೆಯತ್ತ ಕೈ ತೋರಿಸಿದಳು.

"ಇದನ್ನ ಇಷ್ಟು ಚೆನ್ನಾಗಿ ಬರ್ದಿದ್ದೀಯ ಅಂತ ನಂಗೊತ್ತೇ ಇರ್ನಿಲ್ಲ ಕಣಪ್ಪ. ನಿನ್ ಮನೇಲಿದ್ದಾಗ್ಲಿಂದ್ಲೂ ಕೆಂಪಗೆ ಏನೋ ಮಬ್ಬುಮಬ್ಬಾಗಿ ಕಾಣ್ತಿತ್ತು, ಅಷ್ಟೇಯ. ನಿಂಗೆ ಬೇಜಾರಾಗ್ತದೆ ಅಂತ ಹೇಳ್ತಿರ್ಲಿಲ್ಲ. ನೀನು ಹೇಳಿದ್ದನ್ನೇ ಬಂದೋರ ಮುಂದೆ ಹೇಳ್ಬುಡ್ತಿದ್ದೆ."

ಭಕ್ತಿ ಎಂದು, ನೋಟ ಎಂದು, ಅಷ್ಟು ವರ್ಷ ನಾನು ಹಿಗ್ಗಿದ್ದ ಆ ಅರೆಗಣ್ಣು ಕಣ್ಣಿನ ಪೊರೆಯಾಗಿತ್ತು. ನನ್ನ ಚಿತ್ರವನ್ನು ಅವ್ವನೂ ನೋಡಿರಲಿಲ್ಲ.

"ಬೆಟ್ಟದ ನೆತ್ತಿ ಮೇಲೆ ವಿಭೂತಿ ಬಳ್ದಂಗೆ ಅದೆ ನೋಡು. ಮಲ್ಲಯ್ಯನ ಬೆಟ್ಟ ಅಂದ್ರೆ ಅಂಗೇ ಇರ್ಬೇಕು ಬುಡು. ಆ ದಡದಲ್ಲಿರೋದು ಮಠ ಅಲ್ವಾ?"

ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದರು.

"ಹೌದವ್ವ, ಮಠ" ಎಂದೆ.

ಕಾಫಿ ಬಂತು. ಕುಡಿದೆ. ಅವ್ವ ನನ್ನ ಕಾಲಿನ ಪಕ್ಕ ಒರಗಿಸಿದ್ದ ಪಂಚೆಯ ಗಂಟನ್ನು ನೋಡಿ ಅದೇನೆಂದು ಕೇಳಿದಳು. ಬಿಚ್ಚಿ ತೋರಿಸಬಹುದಿತ್ತು. ಆದರೆ ಬಿಚ್ಚಿದರೆ ಅವಳಿಗೆ ಕಂಡಿದ್ದ ಶ್ರೀಶೈಲ ಹೋಗಿ, ಎಲೆಯಿಲ್ಲದ ಮರಗಳೂ ಮುಳುಗುವ ಸೂರ್ಯನೂ ಉಳಿಯುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಅವಳು ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿ ಪೋಸ್ಟರನ್ನೇ ಮೆಚ್ಚಿಕೊಂಡರೆ ಎಂದು ನನಗೆ ಭಯವಾಯಿತು. ಖಾಲಿ ಕ್ಯಾನ್ವಾಸು, ಅಂಗಡಿಯಿಂದ ತಂದೆ ಎಂದೆ.

"ಒಳ್ಳೇದೇ ಆಯ್ತು. ಅದ್ರ ಮೇಲೆ ಇಂಥದ್ದೇ ಇನ್ನೊಂದು ಬರ್ಕೊಡು ಮಗ. ಕಣ್ಣು ಬಂದ್ರೆ ನಿನ್ನ ಚಿತ್ರ ನಮ್ಮ ಮಠಕ್ಕೆ ಕೊಡ್ತೀನಿ ಅಂತ ಹರಕೆ ಹೊತ್ಕೊಂಡಿದ್ದೀನಿ."

ಆ ಬೇಸಿಗೆ ನಾನು ಎಲ್ಲಿಗೂ ಹೋಗಲಿಲ್ಲ. ದೇವರಾಜ ಮೊಹಲ್ಲಾದಲ್ಲಿ ಅದೇ ಪೋಸ್ಟರ್ ಕೊಂಡುತಂದು, ಎದುರಿಗೆ ಮೊಳೆ ಹೊಡೆದು, ನೋಡಿ ಬರೆದೆ. ಕಟ್ಟು ಹಾಕುವಾತ ಅದನ್ನು ಕಂಡು, ಈಗ ನೀವು ದಾರಿಗೆ ಬಂದಿರಿ ಸಾರ್ ಎಂದ. ಅವ್ವ ತಾನೇ ಹೋಗಿ ಮಠಕ್ಕೆ ಒಪ್ಪಿಸಿ ಬಂದಳು. ಈಗ ಅವಳಿಲ್ಲ. ಪಾತಾಳಗಂಗೆ ನನ್ನ ಮಂಚದ ಕೆಳಗೆ, ಅದೇ ಪಂಚೆಯಲ್ಲಿದೆ. ಮಠದ ಊಟದ ಮನೆಯಲ್ಲಿರುವ ಚಿತ್ರದ ಕೆಳಗೆ ಅಣ್ಣ ಹಿತ್ತಾಳೆಯ ಫಲಕ ಹಾಕಿಸಿದ್ದಾನೆ, ಶ್ರೀಶೈಲ ಎಂದು, ಪಕ್ಕದಲ್ಲಿ ನನ್ನ ಹೆಸರು. ಪ್ರಸಾದಕ್ಕೆ ಬಂದವರು ಕೈ ತೊಳೆದು ಬಂದು ಅದಕ್ಕೆ ಕೈ ಮುಗಿಯುತ್ತಾರೆ. ನಾನು ಬರೆದ ಚಿತ್ರಗಳಲ್ಲಿ ಜನ ದಿನಾ ನೋಡುವುದು ಅದೊಂದನ್ನೇ.