ಹಸಿ ಮಡಲು ಕಂಡು ಅಳಲು ಬಂದವರು

ಪುಟ್ಟೀ, ತಮಾ,

ಹೋದ ರಜೆಯಲ್ಲಿ ಕಾರವಾರದಿಂದ ಬಂದವರು ಹಿತ್ತಲಿನ ತೆಂಗಿನ ಮರಗಳನ್ನು ನೋಡಿ, “ಅಜ್ಜೀ, ಇವಕ್ಕೆ ಯಾರು ಪುಕ್ಕ ಕಿತ್ತದ್ದು?” ಎಂದು ನಕ್ಕಿರಿ. ಪಕ್ಕದ ಮನೆಯ ನಿಮ್ಮ ದೊಡ್ಡಜ್ಜ, ಅಂದರೆ ನಿಮ್ಮ ಅಜ್ಜನ ಅಣ್ಣ, ಅಲ್ಲೇ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಅವರೆದುರು ನನಗೆ ಬಾಯಿ ಬರುವುದಿಲ್ಲ. ಕಾಗದದ ಮೇಲಾದರೆ ಬರುತ್ತದೆ.

ಪುಕ್ಕ ಕಿತ್ತವಳು ನಾನೇ. ಕೀಳದಿದ್ದರೆ ಇಂದು ಅಲ್ಲಿ ಬೋಳು ಕಂಬಗಳು ನಿಂತಿರುತ್ತಿದ್ದವು.

ನಮ್ಮೂರು ಅವರ್ಸಾದಲ್ಲಿ ತೆಂಗಿನ ಮಡಲು ಒಣಗಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಉಪ್ಪುಗಾಳಿ. ಕಿಟಕಿಯ ಸರಳು ತುಕ್ಕು ಹಿಡಿದರೆ ಉಪ್ಪುಗಾಳಿ, ಮಗ ಪರೀಕ್ಷೆಯಲ್ಲಿ ನಪಾಸಾದರೂ ಅದೇ ಇರಬೇಕು. ನೀವು ಬರುವುದಕ್ಕೆ ಮೊದಲಿನ ಬೇಸಿಗೆಯಲ್ಲಿ ಕೆಳಗಿನ ಮಡಲುಗಳು ಬೆಂಕಿಗೆ ಹಿಡಿದ ಹಾಗೆ ಕಂದಿದಾಗ, ನಾನು ಬಿದ್ದ ಒಂದು ಗರಿಯನ್ನು ಮಗುಚಿ ನೋಡಿದೆ. ಅಡಿಯಲ್ಲಿ ಕಪ್ಪು ತಲೆಯ ಸಣ್ಣ ಹುಳಗಳು. ಈ ಹುಳ ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ, ಅಲ್ಲೇ ಹಿಕ್ಕೆ ಹಾಕುತ್ತದೆ, ಆ ಹಿಕ್ಕೆಗೆ ನೂಲು ಸೇರಿಸಿ ಸುರಂಗ ಕಟ್ಟಿಕೊಂಡು ಅದರೊಳಗೇ ಮಲಗುತ್ತದೆ. ಬಿಸಿಲಿಗೆ ಮುಖ ತೋರಿಸುವ ಧೈರ್ಯವೂ ಇಲ್ಲ. ಹುಲಿ ಬಂದು ಹಸುವನ್ನು ಹಿಡಿಯಿತು ಎಂದರೆ ಹೇಳಿಕೊಳ್ಳಲಿಕ್ಕೂ ಒಂದು ಗತ್ತು ಇದೆ. ಇಂಥದ್ದೊಂದು ನಮ್ಮ ಮರ ತಿಂದಿತು ಎನ್ನಲು ನಾಚಿಕೆಯಾಗುತ್ತದೆ.

ಹಾರವಾಡದ ನನ್ನ ತವರಿನಲ್ಲಿ, ನಾನು ಸಣ್ಣವಳಿದ್ದಾಗ, ದೋಣಿ ಎಳೆಯುವ ಜಾಗದ ಹಿಂದಿನ ಇಡೀ ಸಾಲು ಹೀಗೆಯೇ ಹಾಳಾಯಿತು. ದೊಡ್ಡವರೆಲ್ಲ ಸಮುದ್ರದ ಕಡೆ ಮುಖ ಮಾಡಿ ಗಾಳಿಯನ್ನು ಬೈಯುತ್ತ ಕುಳಿತಿದ್ದರು. ಆಮೇಲೆ ಎಷ್ಟೋ ಕಾಲ ನಮ್ಮ ಮನೆಯ ಮೀನು ಸಾರು ನೀರು ನೀರಾಗಿರುತ್ತಿತ್ತು. ಕಾಯಿಯಿಲ್ಲದ ಸಾರಿನ ರುಚಿ ಮರೆಯುವಂಥದ್ದಲ್ಲ.

ನಮ್ಮ ಮರಗಳಿಗೂ ಭಾವನ, ಅಂದರೆ ನಿಮ್ಮ ದೊಡ್ಡಜ್ಜನ, ಮರಗಳಿಗೂ ನಡುವೆ ಒಂದು ಬೇಲಿ ಮಾತ್ರ. ಮೇಲೆ ಗರಿಗೆ ಗರಿ ತಾಗುತ್ತದೆ. ನಾವು ಮಾತ್ರ ಕಡಿದರೆ ಅಲ್ಲಿಯ ಹುಳ ಇಲ್ಲಿಗೆ ಬರುತ್ತದೆ. ಧೈರ್ಯ ಮಾಡಿ, ಭಾವನ ಮನೆಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತು ಹೇಳಿದೆ.

“ಹುಳವಾ? ನಿಂಗೆ ಎಲ್ಲೋ ಕನಸು ಬಿದ್ದದೆ. ಉಪ್ಪುಗಾಳಿ ಹೊಡ್ದದ್ದೇ ಅದು. ಬುಡಕ್ಕೆ ಒಂದು ಬುಟ್ಟಿ ಉಪ್ಪು ಹಾಕು, ಸರಿ ಆಗ್ತದೆ.”

ಉಪ್ಪುಗಾಳಿಗೆ ಸುಟ್ಟ ಮರಕ್ಕೆ ಮದ್ದೂ ಉಪ್ಪೇ! ಈ ಮನುಷ್ಯನನ್ನು ಊರವರು ನ್ಯಾಯ ತೀರ್ಮಾನಕ್ಕೆ ಕರೆಯುತ್ತಾರೆ.

ನಾನು ಮರ ಹತ್ತುವವನನ್ನು ಕರೆಸಿ ನಮ್ಮ ಐದು ಮರಗಳ ಕೆಳಗಿನ ಮಡಲುಗಳನ್ನು, ಅರ್ಧ ಹಸಿರಿದ್ದವನ್ನೂ ಬಿಡದೆ, ಕಡಿಸಿದೆ. ಹುಳ ಹರಿದು ಹೋಗುವ ಮೊದಲು ಸುಡಬೇಕು. ಅಂಗಳದಲ್ಲಿ ರಾಶಿ ಹಾಕಿ ಬೆಂಕಿ ಕೊಟ್ಟೆ. ರಾಶಿ ಅರ್ಧ ಉರಿಯುವ ಮೊದಲೇ ಹಸಿ ಮಡಲಿನ ಹೊಗೆ ರಸ್ತೆಯವರೆಗೆ ಹೋಯಿತು.

ಇಲ್ಲಿ ಒಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಹಸಿ ಮಡಲನ್ನು ರಾಶಿ ರಾಶಿ ಕಡಿಯುವುದು ಮದುವೆಯ ಚಪ್ಪರಕ್ಕೆ, ಇಲ್ಲವೇ ನೇಯ್ದು ಚಟ್ಟಕ್ಕೆ ಹಾಸಲು. ನಮ್ಮ ಮನೆಯಲ್ಲಿ ಮದುವೆಯಾಗುವವರು ಯಾರೂ ಇಲ್ಲವೆಂದು ಊರಿಗೆ ಗೊತ್ತು. ತೊಂಬತ್ತು ದಾಟಿದ ನನ್ನ ಅತ್ತೆ, ನಿಮ್ಮ ಮುತ್ತಜ್ಜಿ, ಇದ್ದಾರೆ ಎಂದೂ ಗೊತ್ತು.

ಮೊದಲು ಬಂದವರು ಮೀನು ಮಾರುವ ಹೆಂಗಸರು. ಬುಟ್ಟಿಯನ್ನು ಬೇಲಿಯ ಹೊರಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡೇ ಒಳಗೆ ಬಂದರು. “ಎಂಥಾ ಪುಣ್ಯವಂತೆ ಆಗಿತ್ತೇ! ಯಾವಾಗ ಹೋಯ್ತೇ ಜೀವ?” ಹೋಗಿಲ್ಲ ಎಂದು ನಾನು ಹೇಳುವುದರೊಳಗೆ ರಾಗ ಎತ್ತಿಯಾಗಿತ್ತು. ಅವರ ಹಿಂದೆ ಇನ್ನೂ ಹತ್ತು ಜನ. ಒಬ್ಬನಂತೂ ಬಿದಿರು ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದ.

ಕೊನೆಗೆ ಭಾವ ಬಂದರು. ಹೆಗಲ ಮೇಲೆ ಪಂಚೆ, ಕಣ್ಣಲ್ಲಿ ನೀರು. “ಅವ್ವಾ, ನನ್ನ ಬಿಟ್ಟು ಹೋದ್ಯೇನೇ!” ಎಂದು ಅಂಗಳದಲ್ಲೇ ಕುಸಿದರು. ಮಗನಾದವನು ಒಂದು ಬೇಲಿಯಾಚೆ ಇದ್ದುಕೊಂಡು, ತಾಯಿ ಇದ್ದಾಳೋ ಇಲ್ಲವೋ ಎಂಬುದನ್ನು ಮಡಲಿನ ರಾಶಿ ನೋಡಿ ತಿಳಿದುಕೊಂಡ. ಶಿವರಾತ್ರಿಯ ಮೇಲೆ ನಮ್ಮ ಹೊಸ್ತಿಲು ತುಳಿದಿರದ ಕಾಲು ಅದು.

ಒಳಗೆ ಗಂಜಿ ಉಣ್ಣುತ್ತಿದ್ದ ಅತ್ತೆಗೆ ಕಿವಿ ಮಂದ. ಆದರೂ ಇಷ್ಟು ಗದ್ದಲ ಕೇಳಿಸದೆ ಇರುತ್ತದೆಯೇ? ಬಟ್ಟಲು ಹಿಡಿದುಕೊಂಡೇ ಬಾಗಿಲಿಗೆ ಬಂದರು.

“ಯಾರು ಸತ್ರೇ?”

ಬಿದಿರಿನವನು ಮೆಲ್ಲನೆ ಹಿಂದೆ ಸರಿದ. ನಾನು ಅತ್ತೆಯ ಕಿವಿಯ ಹತ್ತಿರ ಬಾಗಿ ಹುಳದ ವಿಷಯವನ್ನೂ, ಭಾವ ಕಡಿಸಲು ಒಪ್ಪದ ವಿಷಯವನ್ನೂ ಹೇಳಿದೆ. ಅತ್ತೆ ಮಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ನಾ ಸತ್ರೆ ಮಡಲು ಕಡಿಸ್ತಿದ್ಯಲ್ಲ? ಆ ಮಡಲನ್ನು ಈಗ್ಲೇ ಕಡ್ಸು. ನಂಗೆ ಆಮೇಲೆ ಚಾಪೆ ಸಾಕು.”

ಮೀನಿನ ಹೆಂಗಸರು ಸೆರಗಿನೊಳಗೇ ನಕ್ಕರು. ಇಷ್ಟು ಜನರ ಮುಂದೆ ಭಾವ ಬೇರೆ ಏನು ಮಾಡಿಯಾರು? ಮರುದಿನ ಕಡಿಸಿದರು. ಆದರೆ ಹೇಗೆ ಕಡಿಸಿದರು ಕೇಳಿ: ರಸ್ತೆಗೆ ಕಾಣುವ ಮರಗಳದ್ದು ಮಾತ್ರ. ನಮ್ಮ ಬೇಲಿಯ ಮೇಲೆ ಬಾಗಿದ್ದ ಹಿಂದಿನ ಮರಗಳನ್ನು ಮುಟ್ಟಲಿಲ್ಲ. ಅಲ್ಲಿ ನೋಡುವವರು ಯಾರು? ಮಾನ ಇರುವುದು ರಸ್ತೆಯ ಕಡೆಗಷ್ಟೇ ಎಂದು ತಿಳಿದವರು ಅವರು. ತನ್ನ ಹಿಕ್ಕೆಯ ಸುರಂಗದಲ್ಲಿ ಸುಖವಾಗಿ ಮಲಗುವ ಜೀವಿ ಎಲೆಯಡಿ ಮಾತ್ರ ಇರುತ್ತದೆ ಎಂದುಕೊಳ್ಳಬೇಡಿ.

ಹುಳ ಆ ದಾರಿಯಿಂದಲೇ ಮತ್ತೆ ಬಂತು. ನಿಮ್ಮ ಅಪ್ಪ ಅಂಕೋಲೆಯ ಕೃಷಿ ಕಚೇರಿಯಿಂದ ಒಂದು ಕೊಳವೆಯಲ್ಲಿ ಸಣ್ಣ ಕಣಜಗಳನ್ನು ತಂದುಕೊಟ್ಟ. ಹುಳವನ್ನು ಹುಡುಕಿ ಅದರ ಮೈಮೇಲೆಯೇ ಮೊಟ್ಟೆಯಿಡುವ, ಮರಿಗಳು ಅದನ್ನೇ ತಿಂದು ಬೆಳೆಯುವ ಜಾತಿ. ಅವನ್ನು ಬೇಲಿಯ ಬದಿಯ ಮರಗಳಿಗೆ ಬಿಟ್ಟೆವು. “ಈಗ ನೊಣ ಸಾಕೂಕೂ ಶುರು ಮಾಡಿದ್ಯಾ?” ಎಂದರು ಭಾವ. ನಾಲ್ಕು ಮರ ಉಳಿದವು. ಬೇಲಿಗೆ ತಾಗಿದ್ದ ಐದನೆಯದು, ನಿಮ್ಮ ಅಜ್ಜ ನೆಟ್ಟದ್ದು, ಮೊದಲೇ ತೀರಾ ಸೊರಗಿತ್ತು; ಮಳೆಗಾಲದಲ್ಲಿ ಅದರ ಸುಳಿ ಕೊಳೆತು ಹೋಯಿತು. “ನಾ ಹೇಳಿದ್ದೆ, ಉಪ್ಪು ಹಾಕು ಅಂತ,” ಎಂದು ಭಾವ ಊರೆಲ್ಲ ಹೇಳಿಕೊಂಡು ಬಂದರು. ನಾನು ಸುಮ್ಮನೆ ಚಹಾ ಕೊಟ್ಟೆ.

ಆ ನಾಲ್ಕು ಮರ ನಾಳೆ ನಿಮ್ಮವು. ಪ್ರತಿ ಬೇಸಿಗೆ ಗರಿ ಮಗುಚಿ ನೋಡಿ, ಯಾರ ಮಾತನ್ನೂ ಕೇಳಬೇಡಿ. ಈ ಹಾಳೆಗಳನ್ನು ಗೆದ್ದಲು ಹತ್ತದ, ಮಳೆ ತಾಗದ, ದೊಡ್ಡಜ್ಜನ ಕೈಗೆ ಎಟುಕದ ಕಡೆ ಇಟ್ಟುಕೊಳ್ಳಿ. ಅವರು ಹೋದ ಮೇಲೆ ಬೇಕಾದರೆ ಜೋರಾಗಿ ಓದಿ. ಅಲ್ಲಿಯವರೆಗೆ ಜೋಪಾನ.