ಬ್ರೇಕಿನ ದಿನದ ರೊಟ್ಟಿ

ಬೆಳಗಿನ ಐದು ಗಂಟೆ. ರಾಯಬಾಗದ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿ ದ್ರೌಪದಿಬಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಕಾಗದದ ಪ್ರಕಾರ ಇವತ್ತು ಅವರು ಇಲ್ಲಿ ಕೆಲಸದಲ್ಲೇ ಇಲ್ಲ. ಪ್ರತಿ ಏಪ್ರಿಲ್ ಒಂದಕ್ಕೆ ಗುತ್ತಿಗೆದಾರ ಒಂದು ದಿನ ‘ಬ್ರೇಕ್’ ಕೊಟ್ಟು, ಮರುದಿನ ಹೊಸಬರಂತೆ ಸೇರಿಸಿಕೊಳ್ಳುತ್ತಾನೆ. ಸತತ ದುಡಿದಿದ್ದೇನೆ, ಕಾಯಂ ಮಾಡಿ ಎಂದು ಯಾರೂ ಕೇಳಬಾರದಲ್ಲ, ಅದಕ್ಕೆ ಈ ಕಸರತ್ತು. ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ.

“ಬ್ರೇಕ್ ನನಗ್ರಿ. ಹುಡುಗ್ಯಾರ ಹೊಟ್ಟಿಗೂ ಬ್ರೇಕ್ ಕೊಡಾಕ ಬರ್ತೈತೇನು?” ಎಂದು ತಮ್ಮ ಕಥೆ ಕೇಳಲು ಬಂದ ನನಗೆ ಹೇಳುತ್ತ ಹಂಚಿನ ಮೇಲಿನ ರೊಟ್ಟಿ ತಿರುವುತ್ತಾರೆ.

ಹನ್ನೆರಡು ವರ್ಷದಿಂದ ಇದೇ ಕಥೆ. ಎಂಬತ್ತು ಹುಡುಗಿಯರು, ಹೊತ್ತಿಗೆ ಇನ್ನೂರು ರೊಟ್ಟಿ. ಹೋದ ವರ್ಷ ಇದೇ ಬ್ರೇಕಿನ ದಿನ ಕುದಿಯುವ ಬೇಳೆ ಕಾಲ ಮೇಲೆ ಚೆಲ್ಲಿತು. ಆಸ್ಪತ್ರೆಯ ಖರ್ಚು ಕೇಳಿದರೆ, ಆ ದಿನ ನೀವು ಕೆಲಸದಲ್ಲೇ ಇರಲಿಲ್ಲವಲ್ಲ ಅಂದರಂತೆ ಹಾಸ್ಟೆಲ್ಲಿನವರು. ಕೇಳಿದರೆ ಮೈ ಉರಿಯುತ್ತದೆ.

ಈಗ ಅಥಣಿ ಕಡೆಯ ಸಕ್ಕರೆ ಕಾರ್ಖಾನೆಯೊಂದು ತನ್ನ ಕ್ಯಾಂಟೀನಿನ ಕಾಯಂ ಕೆಲಸಕ್ಕೆ ಕರೆದಿದೆ. ಇವತ್ತು ಮಧ್ಯಾಹ್ನದೊಳಗೆ ಹಾಜರಾಗಬೇಕು. ಹೋದರೆ ಇಲ್ಲಿಯ ಹನ್ನೆರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಉಳಿದರೆ ಸರ್ಕಾರ ಇವತ್ತಲ್ಲ ನಾಳೆ ಕಾಯಂ ಮಾಡೀತು ಎಂಬ ಆಸೆ. ಹಾಸ್ಟೆಲ್ ಅಡುಗೆಯವರ ಸಂಘದವರು ತಡೆಯಿರಿ ಅನ್ನುತ್ತಾರೆ. ಗಂಡ ಜ್ಞಾನದೇವ ಅವರಿಗೆ ಸಾಕಾಗಿದೆ: “ಇವರ ನಾಳೆ ಎಂದ ಬರೂದು? ಮಗಳ ಲಗ್ನಾತು, ಮೊಮ್ಮಗ ಸಾಲಿಗೆ ಹೊಂಟಾನ.”

ಹುಡುಗಿಯರು ಚಿಕ್ಕಮ್ಮನನ್ನು ಕರೆದಂತೆ ‘ಮಾವಶಿ’ ಎನ್ನುತ್ತಾರೆ, ಪರೀಕ್ಷೆಗೆ ಹೊರಡುವಾಗ ಕಾಲಿಗೆ ಬೀಳುತ್ತಾರೆ. ದ್ರೌಪದಿಬಾಯಿಯನ್ನು ಇಷ್ಟು ವರ್ಷ ಹಿಡಿದಿಟ್ಟದ್ದು ಅದೇ, ಸರ್ಕಾರವಲ್ಲ.

ವಾರ್ಡನ್ ಶೀತಲ ಒಳಗೆ ಬರುತ್ತಾರೆ. “ದುಡುಕಬ್ಯಾಡ್ರಿ ದ್ರೌಪದಿಬಾಯಿ. ಒಂದ ದಿನದ ಮಾತು, ನಾಳೆ ಮತ್ತ ಸೇರಿಸ್ಕೊಳ್ಳೂ ಆರ್ಡರ್ ಬರ್ತೈತಿ.” ಶೀತಲ ಕೆಟ್ಟವರಲ್ಲ. ಆದರೆ ಕಾಯಂ ನೌಕರಿಯವರಿಗೆ ಒಂದು ದಿನ ಯಾವಾಗಲೂ ಸಣ್ಣದೇ.

ದ್ರೌಪದಿಬಾಯಿ ಕೊನೆಯ ರೊಟ್ಟಿ ಬುಟ್ಟಿಗೆ ಹಾಕಿ, ಮಧ್ಯಾಹ್ನದ ಪಲ್ಯವನ್ನೂ ಇಳಿಸಿ, ಕೈ ತೊಳೆದು ಚೀಲ ಎತ್ತಿಕೊಳ್ಳುತ್ತಾರೆ. ಅಥಣಿ ಬಸ್ಸು ಎಂಟಕ್ಕಿದೆ.

“ಹೋಗೂದಾದ್ರ ರಾಜೀನಾಮೆರ ಬರದ ಕೊಡ್ರಿ,” ಎನ್ನುತ್ತಾರೆ ವಾರ್ಡನ್.

“ಇವತ್ತ ನಾ ಕೆಲಸದಾಗ ಇಲ್ಲಂತ ನೀವ ಹೇಳೀರಿ ಮೇಡಮ್ಮಾರ. ಇಲ್ಲದ ಕೆಲಸಾ ಹೆಂಗ ಬಿಡೂದು?”

ಬಾಗಿಲ ತನಕ ಹೋದವರು ಹುಡುಗಿಯರ ಕೋಣೆಗಳತ್ತ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ಆ ಕಾರ್ಖಾನೆಯಲ್ಲಿ ಏನು ಬೇಕು ನಿಮಗೆ ಎಂದು ಕೇಳುತ್ತೇನೆ.

“ಏನಿಲ್ಲರಿ. ಅಲ್ಲಿ ವಾರಕ್ಕೊಂದ ಸೂಟಿ ಐತಂತ. ಮನ್ಯಾಗ ಮಲ್ಕೊಂಡ್ರೂ ಆ ದಿನ ಕೆಲಸದಾಗ ಇದ್ದಂಗಂತ. ಅದ ಹೆಂಗಿರತೈತಿ ಒಮ್ಮೆ ನೋಡಬೇಕ್ರಿ.”